ತಂಪು ಹೊತ್ತಲ್ಲಿ ತುಂಬಿದ ಬೆಲೂನು

ಆಶ್ರಮಕ್ಕೂ ನಮ್ಮ ಹಿತ್ಲಿಗೂ ನಡುವೆ ಇರೋದು ಎದೆಮಟ್ಟದ ಒಂದು ಗೋಡೆ. ನಾನೇನು ಕದ್ದು ಕೇಳಿಸ್ಕೊಂಡೋಳಲ್ಲ. ಪಾತ್ರೆ ತೊಳೆಯೋ ಕಲ್ಲು ಆ ಗೋಡೆ ಪಕ್ಕದಲ್ಲೇ ಅದೆ, ಅದಕ್ಕೆ ನಾನೇನು ಮಾಡ್ಲಿ?

ಆಶ್ರಮ ಅಂದ್ರೆ ದೊಡ್ಡದೇನಲ್ಲ. ಎರಡು ಹೆಂಚಿನ ಕೋಣೆ, ಒಂದು ಹೊಂಗೆ ಮರ, ಹೊಳೆಗೆ ಇಳಿಯೋಕೆ ಏಳು ಮೆಟ್ಲು.

ಅಲ್ಲಿರೋ ಗುರುಗಳು ಮಲ್ಲಯ್ಯ ಬುದ್ದಿ. ಗುರುಗಳಾಗೋಕೆ ಮುಂಚೆ ಮೂವತ್ತು ವರ್ಷ ಬಸ್ ಸ್ಟ್ಯಾಂಡಲ್ಲಿ, ಇಸ್ಕೂಲ್ ಬಾಗ್ಲಲ್ಲಿ ಗ್ಯಾಸ್ ಬೆಲೂನು ಮಾರ್ತಿದ್ರು. ಎದುರಿಗೆ ಎಲ್ರೂ ಕಾಲಿಗೆ ಬೀಳ್ತಾರೆ. ಬೆನ್ನು ತಿರುಗಿಸಿದ್ರೆ 'ಬೆಲೂನ್ ಬುದ್ದಿ' ಅಂತಾರೆ. ನಾನೂ ಅಂದಿದ್ದೀನಿ, ಸುಳ್ಳು ಯಾಕೆ.

ಅವರಿಗಿದ್ದ ಶಿಷ್ಯ ಒಬ್ಬನೇ, ನಿಂಗರಾಜು. ನಲವತ್ತು ದಾಟಿದ ಆಳು. ಹೆದ್ದಾರಿ ಪಕ್ಕ ಪಂಚರ್ ಅಂಗಡಿ ಇಟ್ಟಿದ್ದ. ಅದಕ್ಕೆ ಬೀಗ ಜಡಿದು ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು.

ಯಾಕೆ ಬಂದ ಅಂತೀರಾ? ಕೋಪ.

ಎಂಟು ವರ್ಷದ ಹಿಂದೆ ಅವರಪ್ಪನ ತಿಥಿ. ಅಣ್ಣ ಜವರಯ್ಯ ಇಡೀ ಊರಿಗೆ ಎಲೆ ಹಾಕ್ಸಿ, ಸ್ವಂತ ತಮ್ಮನಿಗೆ ಮಾತ್ರ "ನೀನು ಆಮೇಲೆ ಕೂತ್ಕೊ" ಅಂದ. ನಿಂಗರಾಜು ಪಾಯಸದ ತಪ್ಪಲೆ ಒದ್ದ. ಪಾಯಸ ಬೀದಿವರೆಗೂ ಹರೀತು. ಅವತ್ತಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ.

ಬಂದ ದಿನ ಬುದ್ದಿಯೋರ ಕಾಲು ಹಿಡ್ಕೊಂಡು ಹೇಳ್ದ:

"ಬುದ್ದಿ, ನನ್ನ ಕೋಪ ಕಳೀಬೇಕು."

"ಪೊರಕೆ ಆ ಮೂಲೇಲಿ ಅದೆ," ಅಂದ್ರು ಬುದ್ದಿ.

ಗುಡಿಸ್ದ. ಗುಡಿಸಿ ಬಂದು ಮತ್ತೆ ಹೇಳ್ದ: "ಇವತ್ತಿಂದ ಯಾರು ಏನಂದ್ರೂ ತಿರುಗಿ ಅನ್ನಕಿಲ್ಲ ಬುದ್ದಿ. ಎಲ್ಲಾ ನುಂಗ್ತೀನಿ."

"ನುಂಗಿ ಎಲ್ಲಿ ಇಟ್ಕೋತೀಯಾ?"

ನಿಂಗರಾಜು ತಲೆ ಕೆರ್ಕೊಂಡ. "ನುಂಗಿದ್ಮೇಲೆ ಎಲ್ಲಿದ್ದಾದು ಬುದ್ದಿ? ಹೋಗ್ತದೆ."

"ಹೋದ್ರೆ ಸರಿ," ಅಂದು ಬುದ್ದಿ ಹೊಳೆಗೆ ಇಳಿದ್ರು.

ನಾಲ್ಕು ತಿಂಗಳು ಹಂಗೇ ನುಂಗ್ದ. ನಂಗೆ ನಂಬಿಕೆ ಬರ್ಲಿಲ್ಲ. ಒಂದಿನ ಬೇಕೂ ಅಂತ್ಲೇ ಮುಸುರೆ ನೀರ್ನ ಗೋಡೆ ಆಚೆ ಎರಚಿದೆ. ಅವನ ಪಂಚೆ ತುಂಬಾ ಅನ್ನದಗುಳು.

ಕೈ ಮುಗ್ದ. "ಒಳ್ಳೇದಾಗ್ಲಿ ತಾಯಮ್ಮಕ್ಕ," ಅಂದ.

ನಗ್ತಾನೇ ಇದ್ದ. ಹಣೆ ಮೇಲಿನ ನರ ಮಾತ್ರ ಎರೆಹುಳದಂಗೆ ಎದ್ದಿತ್ತು. ನೋಡಿ ನಂಗೇ ಭಯ ಆಯ್ತು. ಬೈದಿದ್ರೆ ನಾನೂ ನಾಲ್ಕು ಬೈದು ನಿಶ್ಚಿಂತೆಯಾಗಿ ಒಳಗೆ ಹೋಗ್ತಿದ್ದೆ.

ಬುಧವಾರ ಒಬ್ಳು ಹುಡುಗಿ ಬಂದ್ಲು. ಜವರಯ್ಯನ ಮಗಳು ಸೌಭಾಗ್ಯ. ಕೈಯಲ್ಲಿ ಲಗ್ನಪತ್ರಿಕೆ.

"ಚಿಕ್ಕಪ್ಪ, ಭಾನುವಾರ ನನ್ನ ಮದುವೆ."

"ನಿಮ್ಮಪ್ಪ ಕಳಿಸಿದ್ನಾ?"

"'ಕರೀಬೇಕೂಂದ್ರೆ ಕರಿ, ತಪ್ಪಲೆ ಎಲ್ಲಾ ಒಳಗಿಡಿಸ್ತೀನಿ' ಅಂತು ಅಪ್ಪ."

ನಾನು ಗೋಡೆ ಈಚೆ ಸೆರಗು ಬಾಯಿಗಿಟ್ಕೊಂಡೆ.

ಹುಡುಗಿ ನಗಲಿಲ್ಲ. "ಚಿಕ್ಕಪ್ಪ, ಲಾರಿ ಟ್ಯೂಬಿನ ಮೇಲೆ ಕೂರ್ಸಿ ನನ್ನ ಹೊಳೇಲಿ ತೇಲಿಸ್ತಿದ್ದೋರು ನೀವು. ನೀವಿಲ್ದೆ ನಾನು ಹಸೆಮಣೆ ಮೇಲೆ ಹೆಂಗೆ ಕೂರ್ಲಿ? ನೀವು ಬರ್ಬೇಕು. ಬಂದು ಒದೀಬಾರ್ದು. ಎರಡೂ ಆಗ್ತದಾ?"

ನಿಂಗರಾಜು ಲಗ್ನಪತ್ರಿಕೆನ ಸೊಂಟಕ್ಕೆ ಸಿಕ್ಕಿಸ್ಕೊಂಡ.

ಹೋಗೋವಾಗ ಅವಳು ಬೆಲೂನಿನ ಪ್ಯಾಕೆಟ್ಟು ಜಗಲಿ ಮೇಲಿಟ್ಲು. "ಬುದ್ದಿಯೋರ ಸಿಲಿಂಡರ್ ಇನ್ನೂ ಅದಂತಲ್ಲ. ಚಪ್ಪರಕ್ಕೆ ನೀವೇ ತುಂಬ್ಕೊಡಿ. ಹನ್ನೊಂದೂವರೆಗೆ ಮುಹೂರ್ತ, ಅದುವರ್ಗೂ ಬೆಲೂನು ಒಡೀದೆ ನಿಂತಿರ್ಬೇಕು."

ಅವಳು ಅತ್ಲಾಗೆ ಹೋದ್ಲು. ಇವನು ಇತ್ಲಾಗೆ ಓಡ್ದ.

"ಬುದ್ದಿ, ನನ್ನ ಕೋಪ ಹೋಯ್ತಾ? ನಾಲ್ಕು ತಿಂಗಳಿಂದ ಒಂದ್ಸಲಾನೂ ಎದ್ದಿಲ್ಲ. ಮದುವೆಗೆ ಹೋಗ್ಲಾ, ಬ್ಯಾಡ್ವಾ?"

ಬುದ್ದಿ ಕೋಣೆಗೆ ಹೋದ್ರು. ಮಂಚದ ಕೆಳಗಿಂದ ಸಿಲಿಂಡರ್ ಉರುಳಿಸ್ಕೊಂಡು ಬಂದ್ರು.

"ನಾಳೆ ಬೆಳಿಗ್ಗೆ ಹತ್ತು ಬೆಲೂನು ತುಂಬು."

"ನಾನು ಕೇಳಿದ್ದು ಕೋಪದ ವಿಷ್ಯ ಬುದ್ದಿ."

"ನಾನು ಹೇಳಿದ್ದೂ ಅದೇ."

ನಿಂಗರಾಜು ಸಿಲಿಂಡರ್ ಮುಖ ನೋಡ್ದ, ಬುದ್ದಿ ಮುಖ ನೋಡ್ದ. ಎರಡರಲ್ಲೂ ಏನೂ ಗೊತ್ತಾಗ್ಲಿಲ್ಲ.

ಗುರುವಾರ ಸೂರ್ಯ ಹುಟ್ಟೋಕೆ ಮುಂಚೆ ಕೂತು ತುಂಬಿದ. ಪಂಚರ್ ಅಂಗಡಿ ಕೈ, ಸುಮ್ನೆ ಬಿಡ್ತದಾ? ಒಂದೊಂದನ್ನೂ ಬೆರಳಲ್ಲಿ ಬಡಿದು ನೋಡೋದು, ಟಣ್ ಅಂದ್ರೆ ಮಾತ್ರ ಬಾಯಿ ಕಟ್ಟೋದು. ಹತ್ತನ್ನೂ ಮೆಟ್ಲ ಪಕ್ಕದ ಕಬ್ಬಿಣದ ಕಂಬಿಗೆ ಕಟ್ಟಿ ನಿಲ್ಸಿದ. ಮಿರಮಿರ ಅಂತಿದ್ವು, ಹಬ್ಬಕ್ಕೆ ಎಣ್ಣೆ ಹಚ್ಕೊಂಡ ಮಕ್ಕಳಂಗೆ.

ಬುದ್ದಿ ಬಂದು ನೋಡಿದ್ರು. ಒಂದನ್ನ ಮುಟ್ಟಿದ್ರು. ಒಳಗೆ ಹೋದ್ರು.

ನಿಂಗರಾಜು ಹೊಳೇಲಿ ಬಟ್ಟೆ ಒಗೆಯೋಕೆ ಇಳ್ದ. ಬಿಸಿಲೇರ್ತು.

ಢಬ್!

ಮೊದಲು ಹೋಗಿದ್ದು ಕಡುನೀಲಿದು. ಆಮೇಲೆ ಕರೀದು. ಆಮೇಲೆ ಒಂದರ ಹಿಂದೆ ಒಂದು. ಒದ್ದೆ ಬಟ್ಟೇಲೇ ಓಡಿ ಬಂದ. ಕಂಬಿ ಮೇಲೆ ರಬ್ಬರ್ ಚಿಂದಿ ನೇತಾಡ್ತಿತ್ತು. ಸುತ್ತ ಮುತ್ತ ಒಂದು ಕಾಗೆನೂ ಇಲ್ಲ. ಇದ್ದೋಳು ನಾನೊಬ್ಳೇ.

"ತಾಯಮ್ಮಕ್ಕ, ನಿಮ್ಮನೆ ಸೂಜಿ ಎಲ್ಲದೆ?"

"ಯಾಕಪ್ಪ? ಬಾಯಿ ಹೊಲ್ಕೊಳ್ಳಕ್ಕಾ? ಅದನ್ನಾಗ್ಲೇ ಹೊಲ್ಕೊಂಡಿದ್ದೀಯಲ್ಲ."

ಅವನ ಗಂಟಲಗಂಟು ಮೇಲಕ್ಕೆ ಹೋಯ್ತು, ಕೆಳಕ್ಕೆ ಬಂತು. ನುಂಗ್ದ. ಕೈ ಮುಗ್ದ. ನರ ಎದ್ದಿತ್ತು.

ಬುದ್ದಿ ಹತ್ರ ಹೋದ. "ಯಾರು ಒಡ್ದಿದ್ದು ಬುದ್ದಿ?"

"ನೀನೇ."

"ನಾನು ಹೊಳೇಲಿದ್ದೆ!"

"ಸದ್ದು ಈಗ ಬಂತು. ಒಡ್ದಿದ್ದು ಬೆಳಿಗ್ಗೆ."

"ಬೆಳಿಗ್ಗೆ ಚೆನ್ನಾಗಿದ್ವಲ್ಲ ಬುದ್ದಿ? ನೀವೇ ನೋಡಿದ್ರಿ."

"ನೋಡ್ದೆ. ನಾಳೆ ಇನ್ನೊಂದು ಹತ್ತು ತುಂಬು."

ಪಾಪ, ಸಂಜೆವರೆಗೂ ಆ ಮಾತ್ನ ತಿರುಗ್ಸಿ ಮುರುಗ್ಸಿ ನೋಡ್ತಿದ್ದ. ಪಾತ್ರೆ ಉಜ್ಜುತ್ತಾ ನಾನೂ ನೋಡ್ದೆ. ಬೆಳಿಗ್ಗೆ ಒಡ್ದಿದ್ರೆ ಹತ್ತು ಗಂಟೆಗೆ ಯಾಕೆ ಸದ್ದಾಗ್ಬೇಕು? ನಂಗೂ ಬಗೆಹರೀಲಿಲ್ಲ.

ಶುಕ್ರವಾರ ಅವನಿಗೆ ಉಪಾಯ ಹೊಳೀತು. ತಪ್ಪೆಲ್ಲಾ ಬಿಸಿಲಿಂದು. ಹತ್ತನ್ನೂ ಟಣ್ ಅನ್ನಂಗೆ ತುಂಬಿ ಕೋಣೆ ಒಳಗೆ ಬಿಟ್ಟು ಬಾಗ್ಲು ಹಾಕ್ದ. ಹತ್ತು ಗಂಟೆ ಆಯ್ತು, ಸದ್ದಿಲ್ಲ. ಹನ್ನೊಂದಾಯ್ತು, ಸದ್ದಿಲ್ಲ.

"ಬುದ್ದಿ, ಗೆದ್ದೆ!" ಅಂತ ಹತ್ತು ದಾರಾನೂ ಮುಷ್ಟೀಲಿ ಹಿಡ್ಕೊಂಡು ಅಂಗಳಕ್ಕೆ ಬಂದ.

ಬುದ್ದಿ ನಡು ಅಂಗಳದಲ್ಲಿ, ಉರಿಬಿಸಿಲಲ್ಲಿ ನಿಂತಿದ್ರು. "ಬಾ ಬಾ, ಇಲ್ಲೇ ನಿಂತ್ಕೊ. ನಿಮ್ಮಣ್ಣನಿಗೆ ಎಷ್ಟು ಜನ ಮಕ್ಳು?"

"ಇಬ್ರು ಬುದ್ದಿ."

"ಮನೆ ಎಲ್ಲಿ?"

"ಕೆರೆ ಏರಿ ಕೆಳಗೆ."

"ತಿಥಿ ದಿನ ಏನು ಪಾಯಸ ಮಾಡಿದ್ರು?"

ನಿಂಗರಾಜು ಮುಖ ಕಪ್ಪಾಯ್ತು. "ಶಾವಿಗೇದು. ಅದನ್ನ ಯಾಕೆ ಕೇಳ್ತೀರಿ..."

ಢಬ್!

"ದ್ರಾಕ್ಷಿ ಹಾಕಿದ್ರಾ?"

ಢಬ್! ಢಬ್!

ಬುದ್ದಿ ಕೇಳ್ತಾನೇ ಇದ್ರು, ಬೆಲೂನು ಒಡೀತಾನೇ ಇದ್ವು. ಕೊನೆಗೆ ಅವನ ಮುಷ್ಟೀಲಿ ಉಳಿದಿದ್ದು ಒಂದು ಕೆಂಪು ಬೆಲೂನು, ಒಂಬತ್ತು ಬರೀ ದಾರ.

"ಕೋಣೇಲಿ ಚೆನ್ನಾಗಿದ್ವು ಬುದ್ದಿ!" ಅಳೋನಂಗೆ ಹೇಳ್ದ.

"ಇದ್ವು. ಜವರಯ್ಯ ಚಪ್ಪರಾನ ಕೋಣೆ ಒಳಗೆ ಹಾಕ್ಸವ್ನಾ?"

ನಿಂಗರಾಜು ಸಿಕ್ಕಾದ ದಾರ ಬಿಡಿಸ್ತಾ ನಿಂತ.

ಬುದ್ದಿ ಒಡೆದ ಬೆಲೂನಿನ ಒಂದು ದಾರ ಇಸ್ಕೊಂಡ್ರು. ಉಳಿದಿದ್ದ ಕೆಂಪು ಬೆಲೂನಿನ ಹೊಟ್ಟೆ ಸುತ್ತ ಉಡ್ದಾರ ಕಟ್ಟಿದಂಗೆ ಹದವಾಗಿ ಕಟ್ಟಿದ್ರು. ಜಾರಕಿಲ್ಲ, ಬಿಗಿಯೂ ಇಲ್ಲ.

"ಬಾ," ಅಂದ್ರು.

ಏಳನೇ ಮೆಟ್ಲಿಗೆ ಇಳ್ದು, ಬೆಲೂನನ್ನ ಎರಡೂ ಕೈಯಲ್ಲಿ ಹೊಳೆ ನೀರಿನ ಒಳಗೆ ಅದುಮಿ ಹಿಡಿದ್ರು. ಮೇಲೆ ನೀರು ಬಿಸಿಲಿಗೆ ಬೆಚ್ಚಗಿತ್ತು. ಕೆಳಗೆ ಹಲ್ಲು ಕಡಿಯೋ ತಂಪು, ನಮ್ಮ ಹೊಳೆ ನಂಗೆ ಗೊತ್ತಿಲ್ವಾ? ಒಂದು ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತು ಹಂಗೇ ಹಿಡ್ದು, ಆಮೇಲೆ ಮೇಲೆತ್ತಿದ್ರು.

ಉಡ್ದಾರ ತಾನಾಗೇ ಜಾರಿ ನೀರಿಗೆ ಬಿತ್ತು.

"ಗ್ಯಾಸು ಹೋಯ್ತು!" ಅಂದ ನಿಂಗರಾಜು.

"ಬಾಯಿ ಬಿಚ್ಚಿದ್ನಾ ನಾನು?"

"ಇಲ್ಲ."

"ತೂತು ಅದಾ, ನೋಡು."

ಪಂಚರ್ ಅಂಗಡಿಯೋನು, ನೀರಲ್ಲಿ ಮುಳುಗ್ಸಿ ಗುಳ್ಳೆ ಬರ್ತದಾ ನೋಡ್ದ. ಒಂದು ಗುಳ್ಳೇನೂ ಇಲ್ಲ.

ಬುದ್ದಿ ಅದನ್ನ ಬಿಸಿಲಿಗೆ ಹಿಡಿದ್ರು. ಒಸಿ ಹೊತ್ತಿಗೆ ಮತ್ತೆ ಹೊಟ್ಟೆ ಉಬ್ಬಿಸ್ಕೊಂಡು ಮಿರಮಿರ ಅಂತು.

"ಹೊಸ್ದಾಗಿ ತುಂಬಿದ್ನಾ?"

"ಇಲ್ಲ ಬುದ್ದಿ."

"ನೀನು ಇಲ್ಲಿಗೆ ಬಂದು ಎಷ್ಟು ತಿಂಗಳಾಯ್ತು?"

"ನಾಲ್ಕು."

"ಹೊಳೆ ದಂಡೆ, ತಂಪಾಗಿ ಅದೆ ಅಲ್ವಾ?" ಅಂದು ಬುದ್ದಿ ಬೆಲೂನನ್ನ ಅವನ ಕೈಗೆ ಕೊಟ್ಟು ಮೆಟ್ಲು ಹತ್ತಿದ್ರು.

ಅವನು ಅಲ್ಲೇ ಕೂತ. ಬೆಲೂನನ್ನ ನೀರಿಗೆ ಅದುಮೋದು, ಬಿಸಿಲಿಗೆ ಹಿಡಿಯೋದು. ಮತ್ತೆ ನೀರಿಗೆ, ಮತ್ತೆ ಬಿಸಿಲಿಗೆ. ಬಟ್ಟೆ ಒಗೆಯೋಕೆ ಬಂದ ಹೆಂಗಸ್ರು "ನಿಂಗರಾಜಣ್ಣಂಗೆ ಏನೋ ಆಗಿದೆ" ಅಂತ ದೂರ ಹೋಗಿ ಕೂತ್ರು.

ಶನಿವಾರ ಬೆಳಿಗ್ಗೆ ಅವನ ಕಣ್ಣು ಕೆಂಪಗಿತ್ತು. ಹತ್ತು ಬೆಲೂನು ತುಂಬಿದ. ಒಂದನ್ನೂ ಬಡೀಲಿಲ್ಲ. ಕೈ ಟಣ್ ಅನ್ನೋವರ್ಗೂ ಹೋಗ್ಬೇಕು ಅಂತಿತ್ತು, ಹಿಡ್ಕೊಂಡ. ಮುಕ್ಕಾಲು ತುಂಬ್ತಿದ್ದಂಗೇ ಬಾಯಿ ಕಟ್ಟಿಬಿಟ್ಟ.

ಕಂಬಿಗೆ ಕಟ್ಟಿದ್ರೆ, ಅಯ್ಯೋ, ನಮ್ಮ ಮುದುಕಿ ಅತ್ತೆ ಜೋತ ಕೆನ್ನೆ ಹಂಗಿದ್ವು.

"ಇದನ್ನ ಚಪ್ಪರಕ್ಕೆ ಕಟ್ಟಿದ್ರೆ ನಮ್ಮಣ್ಣ ನಗ್ತಾನೆ ಬುದ್ದಿ."

"ನಗ್ಲಿ."

ಬಿಸಿಲೇರ್ತು. ನಾನು ಪಾತ್ರೆ ಬಿಟ್ಟು ಗೋಡೆಗೆ ಒರಗಿ ನಿಂತೆ. ಹತ್ತು ಗಂಟೆ. ಹನ್ನೊಂದು. ಮುದುಕಿ ಕೆನ್ನೆ ಮೆಲ್ಲಗೆ ತುಂಬ್ಕೊಂಡು ಮದುವಣಗಿತ್ತಿ ಕೆನ್ನೆ ಆಯ್ತು. ಒಂದೂ ಒಡೀಲಿಲ್ಲ.

ನಿಂಗರಾಜು ಹಣೆ ಹಣೆ ಬಡ್ಕೊಂಡ.

"ಬುದ್ದಿ! ಇದು ನಂಗೆ ಗೊತ್ತಿತ್ತು! ಬೇಸಿಗೇಲಿ ಲಾರಿ ಡ್ರೈವರ್‌ಗಳು 'ರೋಡು ಕಾಯ್ದದೆ, ಗಾಳಿ ಎರಡು ಪಾಯಿಂಟ್ ಕಮ್ಮಿ ಹಾಕಪ್ಪ' ಅಂತಿದ್ರು. ನಾನೇ ಹಾಕಿದ್ದೀನಿ, ನೂರು ಲಾರಿಗೆ!"

"ಲಾರಿಗಳು ಪುಣ್ಯ ಮಾಡಿದ್ವು," ಅಂದ್ರು ಬುದ್ದಿ.

ಒಂದು ಬೆಲೂನನ್ನ ಮೆಲ್ಲಗೆ ಒತ್ತಿ ನೋಡ್ದ. ಮತ್ತೆ ಗೊಂದಲ ಹತ್ಕೊಂತು.

"ಎಷ್ಟು ಜಾಗ ಬಿಡ್ಬೇಕು ಬುದ್ದಿ?"

"ನಾಳೆ ಬಿಸಿಲು ಎಷ್ಟು ಬೀಳ್ತದೆ, ಗೊತ್ತಾ?"

"ಗೊತ್ತಿಲ್ಲ."

"ಅಷ್ಟು ಬಿಡು."

"ಬೆಲೂನಿಗೆ ಮೊದಲೇ ಕಮ್ಮಿ ತುಂಬ್ಬೋದು. ನಾನಾಗ್ಲೇ ತುಂಬ್ಕೊಂಡುಬಿಟ್ಟಿದ್ದೀನಲ್ಲ ಬುದ್ದಿ. ಎಂಟು ವರ್ಷದ್ದು. ಮನುಷ್ಯ ಎಲ್ಲಿಂದ ಬಿಡೋದು?"

ಬುದ್ದಿ ಶುಕ್ರವಾರದ ಕೆಂಪು ಬೆಲೂನು ತಗೊಂಡ್ರು. ಬಾಯಿ ದಾರ ಬಿಚ್ಚಿದ್ರು, ಪೂರ್ತಿ ಬಿಡ್ಲಿಲ್ಲ. ಎರಡು ಬೆರಳಲ್ಲಿ ಹಿಡ್ದು ಒಂಚೂರು ಸಡಿಲ ಮಾಡಿದ್ರು.

ಪೀ... ಅಂತು.

ನಂಗೆ ನಗು ತಡ್ಯಕ್ಕಾಗ್ಲಿಲ್ಲ. ನೀವೇ ಹೇಳಿ, ಅಂಥಾ ಸದ್ದು ಕೇಳಿದ್ರೆ ಯಾರಿಗೆ ನಗು ಬರಲ್ಲ?

ಬುದ್ದಿ ಮತ್ತೆ ಬಾಯಿ ಕಟ್ಟಿದ್ರು. "ಸದ್ದಾಗ್ತದೆ," ಅಂದ್ರು. "ತಾಯಮ್ಮ ನಗ್ತಾಳೆ. ನಾಚ್ಕೋಬ್ಯಾಡ."

ಭಾನುವಾರ. ಐವತ್ತು ಬೆಲೂನು, ಐವತ್ತೂ ಮುದುಕಿ ಕೆನ್ನೆ. ಇನ್ನೂ ಮಂಜು ಕರಗಿಲ್ಲ, ಗೂಡ್ಸ್ ಆಟೋ ಬಂತು. ಅದರಿಂದ ಇಳ್ದಿದ್ದು ಬೇರೆ ಯಾರೂ ಅಲ್ಲ, ಜವರಯ್ಯನೇ. ಬಿಳೀ ಶರ್ಟು, ಹೆಗಲ ಮೇಲೆ ರೇಷ್ಮೆ ಶಲ್ಯ. ಬುದ್ದಿಗೆ ಅಡ್ಡ ಬಿದ್ದ. ತಮ್ಮನ ಕಡೆ ನೋಡ್ಲಿಲ್ಲ. ಬೆಲೂನು ಮಾತ್ರ ನೋಡ್ದ.

"ಏನು ಬುದ್ದಿ ಇದು? ಜನ ಹೂವಿನ ಚಪ್ಪರ ನೋಡಕ್ಕೆ ಬರ್ತಾರೆ, ಜೋತಾಡೋ ಜೋಳಿಗೆ ನೋಡಕ್ಕಲ್ಲ. ಪಂಚರ್ ಅಂಗಡಿ ಇಟ್ಟವನಿಗೆ ಗಾಳಿನೂ ನೆಟ್ಟಗೆ ಹಾಕಕ್ಕೆ ಬರ್ಲಿಲ್ವಾ?"

ನಾನು ಕೈಲಿದ್ದ ಪಾತ್ರೆ ಕೆಳಗಿಟ್ಟೆ.

ನಿಂಗರಾಜು ಹಣೆ ನರ ಎದ್ತು. ಗಂಟಲಗಂಟು ಮೇಲಕ್ಕೆ ಹೋಯ್ತು, ಅಲ್ಲೇ ನಿಂತ್ಕೊಂತು. ಕಾಲ ಹತ್ರ ನೀರು ತುಂಬಿದ ಹಿತ್ತಾಳೆ ಕೊಡ. ಅವನ ಬಲಗಾಲು ಒಸಿ ಹಿಂದಕ್ಕೆ ಸರೀತು. ನಾನು ನೋಡ್ದೆ, ಜವರಯ್ಯ ನೋಡ್ದ, ಬುದ್ದಿನೂ ನೋಡಿದ್ರು. ಬುದ್ದಿ ಕೊಡ ಎತ್ತಿಡ್ಲಿಲ್ಲ. ತಮ್ಮ ಪಾಡಿಗೆ ದಾರ ಬಿಡಿಸ್ತಿದ್ರು.

"ಅಣ್ಣ."

ಆ ದನಿ ಎಲ್ಲಿಂದ ಬಂತೋ. ಸಣ್ಣಗೆ, ಕೀಚಲಾಗಿ, ಥೇಟ್ ಆ ಕೆಂಪು ಬೆಲೂನು ಬಾಯಿ ಬಿಟ್ಟಂಗೆ.

"ಅಣ್ಣ, ಅವತ್ತು ನಂಗೆ ನೀನು ಎಲೆ ಹಾಕ್ಸಲಿಲ್ಲ. ಅಪ್ಪಂಗೆ ನಾನೂ ಮಗ. ನಂಗೆ ಬಾಳಾ ನೋವಾಯ್ತು."

ಅಷ್ಟೇ. ಎಂಟು ವರ್ಷಕ್ಕೆ ಇಷ್ಟು ಮಾತು. ಕಾಲು ತಾನಾಗೇ ಮುಂದಕ್ಕೆ ಬಂತು, ಮೆತ್ತಗೆ ನೆಲದ ಮೇಲೆ ಕೂತ್ಕೊಂತು.

ಜವರಯ್ಯ ಶಲ್ಯದ ಅಂಚು ಹಿಂಡ್ತಾ ನಿಂತ.

"ಎಲೆ ಮುಗ್ದೋಗಿತ್ತು ಕಣೋ," ಅಂದ ಕೊನೆಗೆ. "ಲೆಕ್ಕ ತಪ್ಪಿ ಜನ ಜಾಸ್ತಿ ಬಂದ್ರು. ಬೇರೆಯೋರಿಗೆ 'ಆಮೇಲೆ ಕೂತ್ಕೊಳ್ಳಿ' ಅನ್ನಕ್ಕಾಗ್ತದಾ? ನಮ್ಮೋನು, ತಮ್ಮ, ಅರ್ಥ ಮಾಡ್ಕೋತಾನೆ ಅಂತ ನಿಂಗಂದೆ. ನಾನೂ ಕೂತಿರ್ಲಿಲ್ಲ ಅವತ್ತು."

"ಎಲೆ ಇಲ್ಲ ಅಂತ ಹೇಳ್ಬೋದಿತ್ತಲ್ಲ?"

"ಊರೋರ ಮುಂದೆ ಎಲೆ ಇಲ್ಲ ಅಂತ ಹೆಂಗೋ ಹೇಳೋದು? ಆಮೇಲೆ ಹೇಳನಾ ಅಂದ್ರೆ ಪಾಯಸ ಬೀದೀಲಿತ್ತು."

ಇಬ್ರೂ ನೆಲ ನೋಡಿದ್ರು. ನಗ್ಬೇಕೋ ಅಳ್ಬೇಕೋ ಇಬ್ರಿಗೂ ಗೊತ್ತಾಗ್ಲಿಲ್ಲ. ನಂಗೂ ಗೊತ್ತಾಗ್ಲಿಲ್ಲ. ಒಂದು ಕಟ್ಟು ಬಾಳೆಲೆಗೆ ಎಂಟು ವರ್ಷ, ಅಂದ್ಕೊಂಡೆ.

"ಬೆಲೂನು ನೋಡಿ ನಗಾಡ್ಬ್ಯಾಡ ಅಣ್ಣ," ಅಂದ ನಿಂಗರಾಜು. ಈಗ ದನಿ ಒಸಿ ನೆಟ್ಟಗಾಗಿತ್ತು. "ಧಾರೆ ಹೊತ್ತಿಗೆ ನೋಡು."

"ಏನಾಗ್ತದೆ?"

"ನೋಡು ಅಂದ್ನಲ್ಲ."

"ಸರಿ ಬಿಡಪ್ಪ," ಜವರಯ್ಯ ಗೊಣಗ್ದ. ಬೆಲೂನಿನ ಗೊಂಚಲು ಹಿಡ್ಕೊಂಡು ಆಟೋ ಹತ್ತಿದ. "ಹತ್ತೋ. ಸೌಭಾಗ್ಯ ಬಾಗ್ಲು ಕಾಯ್ತಾ ಕೂತವ್ಳೆ. ಆ ಪಂಚೆ ಮೇಲೇನೋ ಅದು, ಅನ್ನದ ಕಲೆ? ನಂದೊಂದು ಪಂಚೆ ಅದೆ ಮನೇಲಿ."

ನಾನು ತಟ್ಟನೆ ಪಾತ್ರೆ ಕಡೆ ತಿರುಗ್ದೆ.

ನಿಂಗರಾಜು ಆಟೋ ಮೇಲೆ ಒಂದು ಕಾಲಿಟ್ಟ. ಏನು ತಿಳೀತೋ, ಇಳ್ದು ವಾಪಸ್ ಓಡಿ ಬಂದ.

"ಬುದ್ದಿ, ಕೋಪ ಹೋಗಿಲ್ಲ. ಅವನು ಪಂಚರ್ ಅಂಗಡಿ ಅಂದಾಗ ಕಾಲು ಎದ್ದಿತ್ತು, ನೀವೇ ನೋಡಿದ್ರಿ. ಈಗ್ಲೂ ಒಸಿ ಅದೆ, ಇಲ್ಲಿ." ಎದೆ ಮುಟ್ಟಿ ತೋರ್ಸಿದ. "ಪೂರ್ತಿ ಖಾಲಿ ಆಗಿಲ್ಲ. ಹೆಂಗೆ ಹೋಗ್ಲಿ ಮದುವೆಗೆ?"

ಬುದ್ದಿ ಪ್ಯಾಕೆಟ್ಟಲ್ಲಿ ಉಳಿದಿದ್ದ ಒಂದು ಬೆಲೂನು ತೆಗೆದ್ರು. ತುಂಬ್ಲಿಲ್ಲ. ಹಂಗೇ ಅದರ ಬಾಯಿಗೆ ದಾರ ಕಟ್ಟಿ ಕೈ ಬಿಟ್ರು. ಅದು ಪೊತ್ ಅಂತ ಅವನ ಪಾದದ ಮೇಲೆ ಬಿತ್ತು.

"ಖಾಲಿ ಬೆಲೂನ್ನ ಯಾವ ಚಪ್ಪರಕ್ಕೆ ಕಟ್ಟವ್ರೆ, ನಿಂಗರಾಜು?"